ಕೂನೂರಿನ ಪ್ರಯೋಗಶಾಲೆ: ರಜೆ, ನಿವೃತ್ತಿ, ಉತ್ತರಾಧಿಕಾರ

ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ವೈದ್ಯಾಧಿಕಾರಿಗಳ ದಳಕ್ಕೆ ಆಯ್ಕೆಯಾಗಿ ಹಡಗು ಹತ್ತುತ್ತಿದ್ದ ಬ್ರಿಟಿಷ್ ತರುಣನಿಗೆ, ತಾನು ಮುಂದೆ ಎದುರಿಸಬೇಕಾದ ರೋಗಗಳ ಸ್ವರೂಪವು ತಿಳಿದಿರಲಿ ಬಿಡಲಿ, ತನಗೆ ಯಾವಾಗ ಎಷ್ಟು ರಜೆ ಸಲ್ಲುವುದು, ಎಷ್ಟು ವರ್ಷದ ಸೇವೆಗೆ ಎಂತಹ ವಿಶ್ರಾಂತಿವೇತನ ದೊರೆಯುವುದು ಎಂಬ ಸಂಗತಿ ಮಾತ್ರ ಮೊದಲ ದಿನದಿಂದಲೇ ಚೆನ್ನಾಗಿ ತಿಳಿದಿರುತ್ತಿತ್ತು. ವರ್ಷಕ್ಕೆ ಒಂದು ತಿಂಗಳಿನಂತೆ ಪೂರ್ಣ ಸಂಬಳದ ರಜೆ, ಕೂಡಿಟ್ಟುಕೊಂಡರೆ ಅದೇ ಮೂರು ತಿಂಗಳವರೆಗೆ. ಕೆಲವು ವರ್ಷಗಳ ದುಡಿಮೆಯಾದ ತರುವಾಯ ಸಮುದ್ರ ದಾಟಿ ಸ್ವದೇಶಕ್ಕೆ ಹೋಗಿಬರಲು ಕಡಿಮೆ ಸಂಬಳದ ಫರ್ಲೋ. ದೇಹಸ್ಥಿತಿ ಕೆಟ್ಟರೆ ವೈದ್ಯಮಂಡಲಿಯ ಪ್ರಮಾಣಪತ್ರದ ಆಧಾರದ ಮೇಲೆ ಅನಾರೋಗ್ಯದ ರಜೆ. 17 ವರ್ಷ ತುಂಬಿದರೆ ಸಣ್ಣದೊಂದು ವಿಶ್ರಾಂತಿವೇತನ, 20, 25, 30 ಎಂದು ವರ್ಷಗಳು ಏರಿದಂತೆ ಅದರ ಮೊತ್ತವೂ ಏರಿಕೆ. ಉಷ್ಣದೇಶದ ಹವೆಯಲ್ಲಿ ಹತ್ತಾರು ವರ್ಷ ಬಾಳಬೇಕಾದವರಿಗೆ ಈ ಏರ್ಪಾಡು ಅಗತ್ಯವೇ ಆಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಹೀಗೆ ಒಬ್ಬನು ರಜೆಯ ಮೇಲೆ ಹೊರಟಾಗ ಇನ್ನೊಬ್ಬನು ಹಂಗಾಮಿಯಾಗಿ ಬಂದು ಅಧಿಕಾರ ವಹಿಸಿಕೊಳ್ಳುತ್ತಿದ್ದನು. ಔಷಧಗಳ ದಾಸ್ತಾನು, ಶಸ್ತ್ರಗಳ ಪಟ್ಟಿ, ನಗದಿನ ಲೆಕ್ಕ ಇವುಗಳನ್ನು ತಾಳೆನೋಡಿ ಇಬ್ಬರೂ ರುಜು ಹಾಕಿದರೆ ಹಸ್ತಾಂತರವು ಮುಗಿಯಿತು. ಜಿಲ್ಲಾ ಆಸ್ಪತ್ರೆಗೆ, ಸೆರೆಮನೆಯ ವೈದ್ಯಶಾಲೆಗೆ, ಸೈನ್ಯದ ಪಾಳೆಯಕ್ಕೆ ಈ ಕ್ರಮವು ಸಾಕಾಗುತ್ತಿತ್ತು. ಏಕೆಂದರೆ ಜ್ವರಕ್ಕೆ ಕ್ವಿನೈನ್ ಕೊಡುವ ಕೈ ಯಾವುದಾದರೂ ರೋಗಿಗೆ ಅದರಿಂದ ಬಾಧಕವಿಲ್ಲ. ಆದರೆ ಸಂಶೋಧನೆಯ ಕಾರ್ಯವು ಹಾಗಲ್ಲ. ಅರ್ಧಕ್ಕೆ ನಿಂತ ಪ್ರಯೋಗ, ಇನ್ನೂ ಬರಹಕ್ಕಿಳಿಯದ ಊಹೆ, ಯಾವ ಪ್ರಾಣಿಗೆ ಯಾವ ಆಹಾರ ಏಕೆ ಎಂಬ ತರ್ಕ, ಇವು ದಾಸ್ತಾನಿನ ಪಟ್ಟಿಗೆ ಸೇರುವ ಪದಾರ್ಥಗಳಲ್ಲವಾದುದರಿಂದ, ಅಧಿಕಾರಿಯು ಹಡಗು ಹತ್ತಿದೊಡನೆ ಅವೂ ಹಡಗು ಹತ್ತಿಬಿಡುತ್ತಿದ್ದವು. ಬೆಂಗಳೂರಿನ ದಂಡಿನಲ್ಲಿಯೂ ಕೆಲವು ವರ್ಷ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯ ಮೇಲೆ ಮಲೇರಿಯಾದ ಕಣವನ್ನು ಕಂಡು, ಆ ಸೂತ್ರವನ್ನು ಹಿಡಿದು ಮುಂದೆ ಸಾಗಬೇಕೆನ್ನುವಷ್ಟರಲ್ಲಿಯೇ, ಮಲೇರಿಯಾ ಅಪರೂಪವಾಗಿದ್ದ ರಾಜಪುತಾನದ ಖೇರ್ವಾರಕ್ಕೆ ವರ್ಗವಾದರು. ಮರುವರ್ಷ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾದ ಮೂಲಕ ತಮ್ಮ ಸಿದ್ಧಾಂತವನ್ನು ಪೂರ್ಣಗೊಳಿಸಿ, 1899ರಲ್ಲಿ ಸೇವೆಯನ್ನೇ ತೊರೆದು ಲಿವರ್‌ಪೂಲಿಗೆ ಹೊರಟುಹೋದರು. ಅವರ ಕಥೆಯು ಲೋಕವಿಖ್ಯಾತ. ಇಲ್ಲಿ ನಾನು ಹೇಳಹೊರಟಿರುವುದು ಅಷ್ಟು ಪ್ರಸಿದ್ಧವಲ್ಲದ, ಆದರೆ ನಮ್ಮ ಊಟದ ಎಲೆಗೆ ಇನ್ನೂ ಹತ್ತಿರವಾದ ಮತ್ತೊಬ್ಬ ವೈದ್ಯಾಧಿಕಾರಿಯ ರಜೆಯ, ನಿವೃತ್ತಿಯ ಮತ್ತು ಉತ್ತರಾಧಿಕಾರದ ಇತಿಹಾಸವನ್ನು.

ರಾಬರ್ಟ್ ಮೆಕ್ಯಾರಿಸನ್ನರು ಜನಿಸಿದ್ದು 1878ರಲ್ಲಿ, ಐರ್ಲೆಂಡಿನ ಉತ್ತರಭಾಗದ ಅಲ್‌ಸ್ಟರ್ ಪ್ರಾಂತದಲ್ಲಿ. 1901ರಲ್ಲಿ ಭಾರತಕ್ಕೆ ಬಂದ ಆ ತರುಣ ವೈದ್ಯರನ್ನು ಸರ್ಕಾರವು ವಾಯವ್ಯದ ಪರ್ವತಪ್ರಾಂತಕ್ಕೆ, ಚಿತ್ರಾಲಿನ ಕಣಿವೆಗಳನ್ನು ಕಾಯುತ್ತಿದ್ದ ಸೈನ್ಯದೊಡನೆ ಕಳುಹಿತು. ಆಮೇಲೆ ಸುಮಾರು ಏಳು ವರ್ಷ ಅವರು ಗಿಲ್ಗಿಟ್ಟಿನಲ್ಲಿದ್ದರು. ಅಲ್ಲಿ ಒಂದೇ ಕಾಲುವೆಯ ನೀರನ್ನು ಒಂದರ ಕೆಳಗೊಂದರಂತೆ ಕುಡಿಯುತ್ತಿದ್ದ ಹಳ್ಳಿಗಳ ಸಾಲಿತ್ತು. ಎಲ್ಲಕ್ಕೂ ಮೇಲಿನ ಹಳ್ಳಿಯಲ್ಲಿ ನೂರು ಜನರಲ್ಲಿ ಸುಮಾರು 12 ಮಂದಿಗೆ ಗಳಗಂಡವಿದ್ದರೆ, ಕೆಳಕೆಳಗಿನ ಹಳ್ಳಿಗೆ ಇಳಿದಂತೆ ಆ ಸಂಖ್ಯೆಯು ಏರುತ್ತ ಹೋಗಿ, ಮೇಲಿನ ಊರುಗಳ ಕೊಳೆಯನ್ನೆಲ್ಲ ಹೊತ್ತುತಂದ ನೀರನ್ನು ಕುಡಿಯುವ ಕಟ್ಟಕಡೆಯ ಹಳ್ಳಿಯಲ್ಲಿ 45ನ್ನು ಮೀರುತ್ತಿತ್ತು. ಈ ಏರಿಕೆಯನ್ನು ಲೆಕ್ಕಹಾಕಿದ್ದಷ್ಟೇ ಸಾಲದೆಂದು, ಆ ನೀರನ್ನು ಸೋಸಿದಾಗ ಉಳಿದ ಗಸಿಯನ್ನು ಮೆಕ್ಯಾರಿಸನ್ನರು ತಾವೇ ದಿನದಿನವೂ ಸೇವಿಸಿದರು. ಕೆಲವು ಮಂದಿ ಸ್ವಯಂಸೇವಕರೂ ಜೊತೆಗೂಡಿದರು. ಅವರಲ್ಲಿ ಹಲವರ ಕೊರಳಿನ ಗ್ರಂಥಿ ಊದಿಕೊಂಡಿತು. ಗಳಗಂಡಕ್ಕೆ ಮುಖ್ಯ ಕಾರಣವು ಅಯೊಡಿನ್ನಿನ ಕೊರತೆಯೆಂಬುದು ಮುಂದೆ ಸ್ಥಿರಪಟ್ಟು, ಕೊಳೆಯ ನೀರಿಗೆ ಅವರು ಕೊಟ್ಟಿದ್ದ ಪ್ರಾಧಾನ್ಯವು ಹಿಂದೆ ಸರಿಯಿತು. ಆದರೂ ಪರದೇಶದ ಬಡಜನರ ರೋಗವನ್ನು ಅರಿಯುವುದಕ್ಕಾಗಿ ಅವರ ಕೊಳಕುನೀರನ್ನು ತಾನು ಕುಡಿದ ಅಧಿಕಾರಿಯಲ್ಲಿ ನನಗೆ ಅಪಾರವಾದ ಗೌರವವಿದೆ.

1913ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸಿನಲ್ಲಿ ಗಳಗಂಡವನ್ನು ಕುರಿತು ಮಿಲ್ರಾಯ್ ಉಪನ್ಯಾಸಗಳನ್ನು ನೀಡಿ, ಸರ್ಕಾರದ ಸಂಶೋಧನಾಕಾರ್ಯಕ್ಕೆ ನಿಯುಕ್ತರಾದ ಮೆಕ್ಯಾರಿಸನ್ನರನ್ನು ಮಹಾಯುದ್ಧವು ನಡುವೆ ಸೆಳೆದುಕೊಂಡಿತು. 1918ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಬಂದರು. ಕನ್ನಡದ ಸೋದರನುಡಿಯನ್ನಾಡುವ ಬಡಗರ ಹಟ್ಟಿಗಳ ನಡುವೆ, ಸುಮಾರು 6,000 ಅಡಿ ಎತ್ತರದಲ್ಲಿರುವ ಆ ಊರಿನಲ್ಲಿ ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡುವ ಪಾಶ್ಚರ್ ಸಂಸ್ಥೆಯು 1907ರಿಂದ ನಡೆಯುತ್ತಿತ್ತು. ಆ ಸಂಸ್ಥೆಯ ಒಂದೇ ಒಂದು ಕೊಠಡಿಯಲ್ಲಿ ಬೆರಿಬೆರಿ ರೋಗದ ವಿಚಾರಣೆ ಆರಂಭವಾಯಿತು. ಗಿರಣಿಯಲ್ಲಿ ನುಣುಪುಮಾಡಿ ತೌಡನ್ನೆಲ್ಲ ತೆಗೆದ ಬಿಳಿಯ ಅಕ್ಕಿಯನ್ನೇ ಉಣ್ಣುವವರ ಕೈಕಾಲುಗಳು ಜೋಮುಹಿಡಿದು, ಹೃದಯವು ಸೋತು, ಪ್ರಾಣವೇ ಹೋಗುತ್ತಿದ್ದ ಈ ರೋಗವು ಆಗಿನ ಮದ್ರಾಸು ಪ್ರಾಂತದ ಉತ್ತರದ ಆಂಧ್ರಜಿಲ್ಲೆಗಳಲ್ಲಿ ನೆಲೆನಿಂತಿತ್ತು. ಮೆಕ್ಯಾರಿಸನ್ನರು ಪಾರಿವಾಳಗಳಿಗೆ ಸತ್ತ್ವಹೀನವಾದ ಅಕ್ಕಿಯನ್ನು ತಿನ್ನಿಸಿ, ಅವು ಸತ್ತಮೇಲೆ ಒಂದೊಂದು ಅಂಗವನ್ನೂ ತೂಗಿ ನೋಡಿ, ಆಹಾರದ ಕೊರತೆಯು ನರಗಳನ್ನು ಮಾತ್ರವಲ್ಲದೆ ಕರುಳು, ಗ್ರಂಥಿ, ಮೂತ್ರಪಿಂಡಗಳ ಮೇಲಿನ ಗ್ರಂಥಿಗಳವರೆಗೂ ಇಡೀ ದೇಹವನ್ನು ಕೆಡಿಸುವುದೆಂದು ತೋರಿಸಿದರು.

ಕೆಲಸವು ಹೀಗೆ ವೇಗ ಹಿಡಿದಿರುವಾಗ 1920ರಲ್ಲಿ ಅವರ ಆರೋಗ್ಯವೇ ಕೆಟ್ಟಿತು. ರಜೆಯ ಮೇಲೆ ಸ್ವದೇಶಕ್ಕೆ ಹೋದರು. ಆ ಅವಧಿಯನ್ನು ಅವರು ಹಾಸಿಗೆಯ ಮೇಲೆಯೇ ಕಳೆಯಲಿಲ್ಲ. 1921ರಲ್ಲಿ ಕೊರತೆಯ ರೋಗಗಳನ್ನು ಕುರಿತ ಅವರ ದೊಡ್ಡ ಗ್ರಂಥವು ಹೊರಬಂದಿತು, ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮೆಲನ್ ಉಪನ್ಯಾಸವನ್ನು ನೀಡಿ, ಗಿಲ್ಗಿಟ್ಟಿನ ಬಳಿಯ ಹುಂಜಾ ಜನರ ಸರಳವಾದ ಆಹಾರ ಮತ್ತು ಸುದೃಢವಾದ ದೇಹವನ್ನು ಪಾಶ್ಚಾತ್ಯ ವೈದ್ಯಲೋಕದ ಮುಂದಿಟ್ಟರು. ಅಧಿಕಾರಿಯ ರಜೆಯು ವಿಜ್ಞಾನಕ್ಕೆ ಫಲಪ್ರದವಾಗಿದ್ದಕ್ಕೆ ಇದೊಂದು ಉತ್ತಮ ನಿದರ್ಶನ. ಆದರೆ ಕೂನೂರಿನ ಕೊಠಡಿಗೆ ಮಾತ್ರ ಅದರಿಂದ ಒಳ್ಳೆಯದಾಗಲಿಲ್ಲ. ಅವರು ಮರಳಿಬಂದ ಸ್ವಲ್ಪ ಕಾಲದಲ್ಲಿಯೇ, ಸರ್ಕಾರದ ವೆಚ್ಚವನ್ನು ಕಡಿತಗೊಳಿಸಲೆಂದು ಲಾರ್ಡ್ ಇಂಚ್‌ಕೇಪರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಸಮಿತಿಯ ಕತ್ತರಿಯು ಬೀಸಿ, 1923ರಲ್ಲಿ ವಿಚಾರಣೆಯೇ ನಿಂತುಹೋಯಿತು. ಎರಡು ವರ್ಷ ಮೆಕ್ಯಾರಿಸನ್ನರು ಬೇರೆ ಕೆಲಸಗಳಲ್ಲಿದ್ದರು.

ಈ ಎರಡು ವರ್ಷಗಳ ವಿಷಯವನ್ನು ಆಲೋಚಿಸುವಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಒಂದು ದೇಶದ ಕೋಟ್ಯಂತರ ಜನರು ಏನು ಉಣ್ಣುತ್ತಾರೆ, ಅದರಿಂದ ಅವರಿಗೆ ಏನಾಗುತ್ತದೆ ಎಂಬ ಪ್ರಶ್ನೆಯು ಒಬ್ಬ ಅಧಿಕಾರಿಯ ದೇಹಸ್ಥಿತಿಗೂ ಒಂದು ವರ್ಷದ ಆಯವ್ಯಯಕ್ಕೂ ಹೀಗೆ ಗಂಟುಬಿದ್ದಿತ್ತು. ಕೂನೂರಿನಲ್ಲಿ ಆಗ ಇದ್ದದ್ದು ವಿಚಾರಣೆ, ಸಂಸ್ಥೆಯಲ್ಲ. ವಿಚಾರಣೆಗೆ ಅಧಿಕಾರಿಯಿರುತ್ತಾನೆ, ಉತ್ತರಾಧಿಕಾರಿಯಿರುವುದಿಲ್ಲ.

1925ರಲ್ಲಿ ಕೆಲಸವು ಪುನರಾರಂಭವಾಯಿತು. ಈಗ ಅದರ ಹೆಸರು ಕೊರತೆಯ ರೋಗಗಳ ವಿಚಾರಣೆ ಎಂದಾಯಿತು. ಭಾರತದ ಕೃಷಿಯನ್ನು ಪರಿಶೀಲಿಸಲು 1926ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನ ಎದುರಿಗೆ ಮೆಕ್ಯಾರಿಸನ್ನರು ಸಾಕ್ಷ್ಯ ನುಡಿದು, ಬೆಳೆಗೂ ಬೆಳೆಯನ್ನು ತಿನ್ನುವವನ ದೇಹಕ್ಕೂ ಇರುವ ಸಂಬಂಧವನ್ನು ವಿಶದಪಡಿಸಿದರು, ಕೃಷಿರಸಾಯನಜ್ಞರಾದ ಬಿ. ವಿಶ್ವನಾಥರೊಡನೆ ಕೂಡಿ, ಹೊಲಕ್ಕೆ ಹಾಕಿದ ಗೊಬ್ಬರವು ಧಾನ್ಯದ ಪೋಷಕಶಕ್ತಿಯನ್ನು ಬದಲಿಸುವುದೇ ಎಂಬುದನ್ನೂ ಪರೀಕ್ಷಿಸಿದರು. 1928ರ ಹೊತ್ತಿಗೆ ಒಂದು ಕೊಠಡಿಯ ವಿಚಾರಣೆಯು ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಪೂರ್ಣಪ್ರಮಾಣದ ಸಂಸ್ಥೆಯಾಗಿ, ಮೆಕ್ಯಾರಿಸನ್ನರು ಅದರ ಪ್ರಥಮ ನಿರ್ದೇಶಕರಾದರು.

ಕೂನೂರಿನ ಇಲಿಗಳ ಖ್ಯಾತಿಯು ಹರಡಿದ್ದು ಈ ಕಾಲದಲ್ಲಿ. ತಮ್ಮ ಪ್ರಯೋಗಗಳಿಗಾಗಿ ಸಾಕುತ್ತಿದ್ದ ಬಿಳಿಯ ಇಲಿಗಳ ಮೂಲವಂಶಕ್ಕೆ ಅವರು ನೀಡುತ್ತಿದ್ದ ಆಹಾರವು ಹೀಗಿತ್ತು: ತೌಡು ತೆಗೆಯದ ಗೋಧಿಯ ಹಿಟ್ಟಿನ ಚಪಾತಿ, ಅದರ ಮೇಲೆ ತೆಳುವಾಗಿ ಸವರಿದ ಹೊಸ ಬೆಣ್ಣೆ, ಮೊಳಕೆಯೊಡೆದ ಕಡಲೆ, ತಿಂದಷ್ಟು ಹಸಿಯ ಗಜ್ಜರಿ ಮತ್ತು ಕೋಸು, ಹಾಲು, ವಾರಕ್ಕೊಮ್ಮೆ ಮೂಳೆಸಹಿತವಾದ ಸ್ವಲ್ಪ ಮಾಂಸ, ಕುಡಿಯಲು ನೀರು. ಚೊಕ್ಕಟವಾದ ಪಂಜರಗಳಲ್ಲಿ, ದಿನವೂ ಬಿಸಿಲು ಕಾಣುತ್ತ ಬಾಳಿದ ಈ ಇಲಿಗಳ ಗುಂಪಿನಲ್ಲಿ ಎರಡು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಒಂದಕ್ಕೂ ರೋಗ ತಗುಲಲಿಲ್ಲ, ಬೆಳೆದ ಇಲಿಗಳಲ್ಲಿ ಒಂದೂ ಸಹಜರೋಗದಿಂದ ಸಾಯಲಿಲ್ಲ. ಮತ್ತೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟವನ್ನು, ಎಂದರೆ ಬಿಳಿಯ ಬ್ರೆಡ್ಡು, ಮಾರ್ಗರಿನ್, ಬೇಯಿಸಿ ಸಾರಗೆಡಿಸಿದ ತರಕಾರಿ, ಡಬ್ಬಿಯ ಮಾಂಸ, ಜಾಮು, ಸಕ್ಕರೆಯ ಚಹವನ್ನು ಕೊಟ್ಟರು. ಆ ಇಲಿಗಳು ಕುಗ್ಗಿದವು, ಆರೈಕೆಮಾಡುವವರ ಕೈಯನ್ನು ಕಚ್ಚತೊಡಗಿದವು, ಅರುವತ್ತನೆಯ ದಿನದ ಸುಮಾರಿಗೆ ತಮ್ಮಲ್ಲಿಯ ದುರ್ಬಲವಾದವುಗಳನ್ನು ಕೊಂದು ತಿನ್ನಲಾರಂಭಿಸಿದವು. ತಮ್ಮ ಸ್ವಂತ ನಾಡಿನ ಊಟವನ್ನು ಪರೀಕ್ಷೆಗೆ ಒಡ್ಡಿ, ಅದು ಸೋತಿತೆಂಬುದನ್ನು ಮರೆಮಾಚದೆ ಪ್ರಕಟಿಸಿದ ಪ್ರಾಮಾಣಿಕತೆ ದೊಡ್ಡದು.

ಇನ್ನೊಂದು ಪ್ರಯೋಗದಲ್ಲಿ ಕನ್ನಡಿಗರೂ ಇದ್ದಾರೆ. ಭಾರತದ ಬೇರೆಬೇರೆ ಜನವರ್ಗಗಳ ಆಹಾರವನ್ನು ಬೇರೆಬೇರೆ ಇಲಿಗಳ ಗುಂಪಿಗೆ ತಿನ್ನಿಸಿ, ಬೆಳೆದಮೇಲೆ ಅವುಗಳ ಸರಾಸರಿ ತೂಕವನ್ನು ಮೆಕ್ಯಾರಿಸನ್ನರು ಒಂದು ಚಿತ್ರಪಟದಲ್ಲಿ ಸಾಲಾಗಿ ತೋರಿಸಿದರು. ಸಿಖ್ಖರ ಆಹಾರ ತಿಂದ ಇಲಿಗಳ ತೂಕ 235 ಗ್ರಾಂ. ಅಲ್ಲಿಂದ ಪಠಾಣರು, ಮರಾಠರು, ಗೂರ್ಖರು ಎಂದು ಇಳಿಯುತ್ತ ಬಂದು, ಕನ್ನಡಿಗರ ಆಹಾರ ತಿಂದವು 185 ಗ್ರಾಂ. ಅದಕ್ಕೂ ಕೆಳಗೆ ಬಂಗಾಳಿಗಳು. ಎಲ್ಲಕ್ಕಿಂತ ಕೆಳಗೆ, ಆಗ ಮದ್ರಾಸಿಗಳೆಂದು ಕರೆಯುತ್ತಿದ್ದವರ ಆಹಾರ ತಿಂದವು 155 ಗ್ರಾಂ. ಗೋಧಿ, ಹಾಲು, ಬೇಳೆ, ಸೊಪ್ಪುಗಳು ಕೂಡಿದ ಆಹಾರಕ್ಕೂ ನುಣುಪಾದ ಅಕ್ಕಿಯೇ ಪ್ರಧಾನವಾದ ಆಹಾರಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಓದುಬರಹವಿಲ್ಲದವನೂ ಕಾಣುವಂತೆ ತೋರಿಸಿದ ಪಟವದು.

ಆದರೆ ಆ ಪಟದ ಮೇಲಿನ ಹೆಸರುಗಳನ್ನು ನಾನು ಒಪ್ಪಲಾರೆ. ಹಳೆಯ ಮೈಸೂರಿನ ರಾಗಿಯ ಮುದ್ದೆ, ಧಾರವಾಡ ವಿಜಾಪುರಗಳ ಜೋಳದ ರೊಟ್ಟಿ, ದಕ್ಷಿಣ ಕನ್ನಡದ ಕುಚ್ಚಲಕ್ಕಿಯ ಗಂಜಿ, ಕೊಡಗಿನ ಕಡುಬು, ಇವೆಲ್ಲವನ್ನೂ ಕನ್ನಡಿಗರ ಆಹಾರವೆಂಬ ಒಂದೇ ಹೆಸರಿನಲ್ಲಿ ಅಡಗಿಸಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಲುಮೊಸರು ಸಮೃದ್ಧವಾಗಿರುವ ಗೌಡರ ಮನೆಯ ಮುದ್ದೆಗೂ ಬರಿಯ ಹುಳಿಯ ನೀರಿನೊಡನೆ ನುಂಗುವ ಕೂಲಿಯವನ ಮುದ್ದೆಗೂ ಇರುವ ಭೇದವು, ಪಂಜಾಬಿಗೂ ಕರ್ಣಾಟಕಕ್ಕೂ ಇರುವ ಭೇದಕ್ಕಿಂತ ಕಡಿಮೆಯೇನಲ್ಲ. ಸೈನ್ಯಕ್ಕೆ ಸೇರಿಸಿಕೊಳ್ಳಲು ಯೋಗ್ಯವಾದ ಜನ, ಅಯೋಗ್ಯವಾದ ಜನ ಎಂದು ಇಡೀ ದೇಶವನ್ನು ಜಾತಿಜನಾಂಗಗಳಾಗಿ ವಿಂಗಡಿಸುವುದು ಆ ಕಾಲದ ಆಳುವವರ ಅಭ್ಯಾಸವಾಗಿತ್ತು. ಸೈನ್ಯದ ವೈದ್ಯರಾಗಿ ಬಂದ ಮೆಕ್ಯಾರಿಸನ್ನರು ಜನಾಂಗದ ಬಲಾಬಲಕ್ಕೆ ರಕ್ತವಲ್ಲ, ಆಹಾರವೇ ಕಾರಣವೆಂದು ಹೇಳಿ ಆ ನಂಬಿಕೆಯ ಬುಡವನ್ನು ಅಲುಗಿಸಿದರಾದರೂ, ವಿಂಗಡಣೆಯ ಚೌಕಟ್ಟನ್ನು ಬಿಟ್ಟು ಹೊರಬರಲಿಲ್ಲ. ಒಬ್ಬ ಮನುಷ್ಯನು ಒಳ್ಳೆಯ ಊಟವನ್ನು ಏಕೆ ಉಣ್ಣುತ್ತಿಲ್ಲ, ಅವನ ಕೈಯಲ್ಲಿ ಕಾಸೆಷ್ಟಿದೆ ಎಂಬ ಪ್ರಶ್ನೆಯು ಇಲಿಯ ಪಂಜರದೊಳಗೆ ಹುಟ್ಟುವ ಪ್ರಶ್ನೆಯಲ್ಲ.

1933ರಲ್ಲಿ ಸರ್ ಪದವಿಯನ್ನು ಪಡೆದ ಮೆಕ್ಯಾರಿಸನ್ನರು 1935ರಲ್ಲಿ, ತಮ್ಮ 57ನೆಯ ವಯಸ್ಸಿನಲ್ಲಿ, ಮೇಜರ್ ಜನರಲ್ ದರ್ಜೆಯೊಡನೆ ನಿವೃತ್ತರಾದರು. ಮರುವರ್ಷವೇ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸಿನಲ್ಲಿ ಕ್ಯಾಂಟರ್ ಉಪನ್ಯಾಸಗಳನ್ನು ಕೊಟ್ಟು ಕೂನೂರಿನ ಸಾರವನ್ನೆಲ್ಲ ತಮ್ಮ ದೇಶದವರಿಗೆ ತಿಳಿಸಿದರು. ಆಕ್ಸ್‌ಫರ್ಡಿನಲ್ಲಿ ನೆಲಸಿ, ವೈದ್ಯರ ಉನ್ನತಶಿಕ್ಷಣದ ಕೆಲಸದಲ್ಲಿ ತೊಡಗಿದ್ದು, 1960ರಲ್ಲಿ ತೀರಿಕೊಂಡರು.

1920ರಲ್ಲಿ ಅವರು ರಜೆಯ ಮೇಲೆ ಹೋದಾಗ ಬಡವಾಗಿದ್ದ ಕೂನೂರು 1935ರಲ್ಲಿ ಅವರು ಶಾಶ್ವತವಾಗಿ ಹೋದಾಗ ಬಡವಾಗಲಿಲ್ಲವೆಂಬುದೇ ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಸೆಳೆಯುವ ಅಂಶ. ಈ ನಡುವೆ ಕೊಠಡಿಯು ಸಂಸ್ಥೆಯಾಗಿತ್ತು, ಸಂಸ್ಥೆಗೆ ಉತ್ತರಾಧಿಕಾರಿಯನ್ನು ಹುಡುಕಲೇಬೇಕಾಗಿತ್ತು. ಬಂದವರು ವಾಲೇಸ್ ಏಕ್‌ರಾಯ್ಡ್. ಅವರೂ ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರೇ; ಆದರೆ ಸೈನ್ಯದ ವೈದ್ಯರಾಗಿ ಬಂದವರಲ್ಲ. ನ್ಯೂಫೌಂಡ್‌ಲೆಂಡಿನ ಬಡ ಬೆಸ್ತರಲ್ಲಿ ಬಿಳಿಯ ಹಿಟ್ಟಿನಿಂದ ಬರುತ್ತಿದ್ದ ಬೆರಿಬೆರಿಯನ್ನು ಅಧ್ಯಯನಮಾಡಿ, ಜಿನೀವದಲ್ಲಿ ರಾಷ್ಟ್ರಸಂಘದ ಆರೋಗ್ಯಶಾಖೆಯಲ್ಲಿ ದುಡಿದು, ಪೋಷಣೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಕುರಿತ ವರದಿಯೊಂದನ್ನು ಅಲ್ಲಿಯ ಸಹೋದ್ಯೋಗಿ ಬರ್ನೆಟರೊಡನೆ ಸಿದ್ಧಪಡಿಸಿ ಆಗತಾನೆ ಮುಗಿಸಿದ್ದರು. ಪೀಠವು ಒಬ್ಬರಿಂದ ಒಬ್ಬರಿಗೆ ಬಂದಿತು; ಪ್ರಶ್ನೆಯು ಮಾತ್ರ ಹೊಸದಾಯಿತು.

ಏಕ್‌ರಾಯ್ಡರು ಪಂಜರದ ಬಾಗಿಲನ್ನು ಮುಚ್ಚಲಿಲ್ಲ, ಇಲಿಗಳೂ ಇದ್ದವು. ಆದರೆ ಪ್ರಯೋಗಶಾಲೆಯ ಕೆಲಸಗಾರರು ತಕ್ಕಡಿಗಳನ್ನು ಹಿಡಿದು ದಕ್ಷಿಣ ಭಾರತದ ಹಳ್ಳಿಗಳಿಗೆ ಹೊರಟರು. ಮನೆಯೊಳಗೆ ಈ ದಿನ ಬೇಯುವ ಅಕ್ಕಿಯೆಷ್ಟು, ಬೇಳೆಯೆಷ್ಟು, ಎಣ್ಣೆಯೆಷ್ಟು, ಹಾಲು ಇದೆಯೇ ಇಲ್ಲವೇ, ಉಣ್ಣುವ ಬಾಯಿಗಳೆಷ್ಟು ಎಂದು ತೂಗಿ ಬರೆದುಕೊಂಡರು. ಇಲ್ಲಿಂದ ಮುಂದಕ್ಕೆ ಕೂನೂರಿನ ಬರಹಗಳಲ್ಲಿ ಕಾಣುವವನು ಮದ್ರಾಸಿಯಲ್ಲ, ಅಕ್ಕಿಯನ್ನುಣ್ಣುವ ಬಡವ. ಅಂತಹ ಬಡ ಆಹಾರಕ್ಕೆ ಏನನ್ನು ಸೇರಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಹಿತವಾಗುವುದೆಂದು ಅರಸುತ್ತ, ಬಿ. ಜಿ. ಕೃಷ್ಣನ್ ಅವರೊಡನೆ ಏಕ್‌ರಾಯ್ಡರು ಮಕ್ಕಳಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೋಯಾ ಅವರೆಯನ್ನೂ ಕೊಟ್ಟು ಹೋಲಿಸಿ ನೋಡಿದರು, ಮೇಲುಗೈಯಾದದ್ದು ಹಾಲು. ಅಕ್ಕಿಯ ವಿಷಯದಲ್ಲಿ, ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಕುಚ್ಚಲಕ್ಕಿಯಲ್ಲಿ ಬೆರಿಬೆರಿಯನ್ನು ತಡೆಯುವ ಸತ್ತ್ವವು ಗಿರಣಿಗೆ ಹಾಕಿದರೂ ಬಹುಮಟ್ಟಿಗೆ ಉಳಿಯುತ್ತದೆಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ 1940ರ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದರು. ನಮ್ಮ ಕರಾವಳಿಯ ಒಲೆಗಳ ಮುಂದೆ ತಲೆಮಾರುಗಳಿಂದ ನಡೆದುಬಂದ ಕೆಲಸಕ್ಕೆ ಹೀಗೆ ಪ್ರಯೋಗಶಾಲೆಯ ಸಾಕ್ಷ್ಯವು ಸಂದಿತು.

1937ರಲ್ಲಿ ಅವರು ಹೆಲ್ತ್ ಬುಲೆಟಿನ್ ಸಂಖ್ಯೆ 23 ಎಂಬ ಅತ್ಯಂತ ನೀರಸವಾದ ಹೆಸರಿನ ಸಣ್ಣ ಪುಸ್ತಕವೊಂದನ್ನು ಹೊರಡಿಸಿದರು. ನಮ್ಮ ಧಾನ್ಯ, ಬೇಳೆ, ಸೊಪ್ಪು, ಗೆಡ್ಡೆ, ಹಣ್ಣುಗಳನ್ನು ಒಂದೊಂದಾಗಿ ವಿಶ್ಲೇಷಿಸಿ, ಅವುಗಳಲ್ಲಿರುವ ಸಸಾರಜನಕ, ಸುಣ್ಣ, ಕಬ್ಬಿಣ, ಜೀವಸತ್ತ್ವಗಳನ್ನು ಕೋಷ್ಟಕವಾಗಿ ಕೊಟ್ಟ ಆ ಪುಸ್ತಕವು ಆಸ್ಪತ್ರೆ, ಸೆರೆಮನೆ, ವಿದ್ಯಾರ್ಥಿನಿಲಯಗಳ ಅಡುಗೆಯ ಲೆಕ್ಕಕ್ಕೆ ಆಧಾರವಾಗಿ ಮರುಮುದ್ರಣಗಳನ್ನು ಕಂಡಿತು. ಬಂಗಾಳದ 1943ರ ಕ್ಷಾಮದ ವಿಚಾರಣೆಗೆ ನೇಮಕವಾದ ವುಡ್‌ಹೆಡ್ ಆಯೋಗದಲ್ಲಿ ಏಕ್‌ರಾಯ್ಡರೂ ಸದಸ್ಯರಾಗಿದ್ದರು. ಯುದ್ಧವು ಮುಗಿದ ಮೇಲೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯಲ್ಲಿ ಪೋಷಣಾವಿಭಾಗವನ್ನು ಕಟ್ಟಲು ಅವರು ಕೂನೂರನ್ನು ಬಿಟ್ಟುಹೊರಟರು. ಈ ಸಲ ಪೀಠವು ವಿ. ಎನ್. ಪಟವರ್ಧನರಿಗೆ ಬಂದಿತು. ಅಲ್ಲಿಯೇ ಕೆಲಸಕ್ಕೆ ಸೇರಿದ ತರುಣ ವೈದ್ಯ ಸಿ. ಗೋಪಾಲನ್ ಅವರು ಪಟವರ್ಧನರ ನಂತರ ನಿರ್ದೇಶಕರಾದರು. ಕೂನೂರಿನಲ್ಲಿ ತರಬೇತಾದ ಎಂ. ಸ್ವಾಮಿನಾಥನ್ ಅವರು, 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯಕ್ಕೆ ಬಂದು ಆ ವಿದ್ಯೆಯನ್ನು ನಮ್ಮ ನಾಡಿಗೂ ತಂದರು.

1958ರಲ್ಲಿ ಪ್ರಯೋಗಶಾಲೆಯು ಕೂನೂರಿನಿಂದ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ, ಆ ಒಂದು ಕೊಠಡಿಯ ಸುವರ್ಣೋತ್ಸವದ ಸಂದರ್ಭದಲ್ಲಿ, ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಏಕ್‌ರಾಯ್ಡರ ಬುಲೆಟಿನ್ನನ್ನು ಗೋಪಾಲನ್ನರೂ ಅವರ ಸಂಗಡಿಗರೂ ಪರಿಷ್ಕರಿಸುತ್ತ ವಿಸ್ತರಿಸುತ್ತ ಬಂದು, 1971ರಲ್ಲಿ ಪ್ರಕಟಿಸಿದ ಗ್ರಂಥವನ್ನು ತೆರೆದರೆ, ಕನ್ನಡಿಗರ ಆಹಾರವೆಂಬ ಹೆಸರು ಅಲ್ಲೆಲ್ಲಿಯೂ ಇಲ್ಲ; ಒಂದೊಂದು ಧಾನ್ಯಕ್ಕೂ ಅದರದೇ ಆದ ಸಾಲಿದೆ. 100 ಗ್ರಾಂ ಗಿರಣಿಯ ಅಕ್ಕಿಯಲ್ಲಿ ಸುಣ್ಣದ ಅಂಶ 10 ಮಿಲಿಗ್ರಾಂ, ಜೋಳದಲ್ಲಿ 25, ರಾಗಿಯಲ್ಲಿ 344.